‘ಅಪ್ಪನವರ’ ಅಡ್ಡಹೆಸರುಗಳು: ಹುಟ್ಟು, ಹರವು, ಅರ್ಥ

ಕನ್ಯೆ–ವರರ ವಿಚಾರವಾಗಿ ಎರಡು ಮನೆತನಗಳ ಹಿರಿಯರು ಮೊದಲ ಸಲ ಕೂಡಿ ಕುಳಿತಾಗ ಹೊಲಮನೆ, ಓದು, ನೌಕರಿ ಇವೆಲ್ಲಕ್ಕಿಂತ ಮುಂಚೆ ಕೇಳಿಬರುವ ಪ್ರಶ್ನೆ ‘ನಿಮ್ಮ ಅಡ್ಡಹೆಸರೇನು?’ ಎಂಬುದು. ಎರಡೂ ಕಡೆಯಿಂದ ‘ಬಸಪ್ಪನವರ’ ಎಂದೋ ‘ಮಲ್ಲಪ್ಪನವರ’ ಎಂದೋ ಒಂದೇ ಉತ್ತರ ಬಂದರೆ ಮಾತು ಅಲ್ಲಿಗೇ ನಿಂತುಬಿಡುವುದುಂಟು. ಒಂದೇ ಹೆಸರಿನವರೆಂದ ಮೇಲೆ ಎಂದೋ ಒಂದು ಕಾಲಕ್ಕೆ ಅಣ್ಣತಮ್ಮಂದಿರಾಗಿರಬೇಕು, ಅಣ್ಣತಮ್ಮಂದಿರ ಮನೆಗಳಲ್ಲಿ ಹೆಣ್ಣು ಕೊಟ್ಟು ತರುವುದು ಸಲ್ಲದು ಎಂಬುದು ಹಿರಿಯರ ಆತಂಕ. ಒಂದು ಮನೆ ಹಾವೇರಿಯ ಕಡೆಯದು, ಇನ್ನೊಂದು ಬಾಗಲಕೋಟೆಯ ಕಡೆಯದು, ನಡುವೆ ಯಾವ ಬಳಕೆಯೂ ಇಲ್ಲ. ಆದರೂ ಹೆಸರೊಂದೇ ಅಡ್ಡಗಾಲಾಗಿ ನಿಲ್ಲುತ್ತದೆ. ಕೂಡಿಬರಬಹುದಾಗಿದ್ದ ಸಂಬಂಧಗಳು ಇಷ್ಟೇ ಕಾರಣಕ್ಕೆ ಮುರಿದುದನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರಬಹುದು.

ಈ ಆತಂಕಕ್ಕೆ ಎಷ್ಟರ ಮಟ್ಟಿಗೆ ಆಧಾರವಿದೆ ಎಂಬುದನ್ನು ತಿಳಿಯಬೇಕಾದರೆ ಇಂಥ ಹೆಸರುಗಳು ಹೇಗೆ ಹುಟ್ಟಿದವು, ಹೇಗೆ ಹರಡಿದವು ಎಂಬುದನ್ನು ನೋಡಬೇಕು. ಉತ್ತರ ಕರ್ನಾಟಕದ ಅಡ್ಡಹೆಸರುಗಳ ಲೋಕ ಬಹಳ ದೊಡ್ಡದು. ಪಾಟೀಲ, ದೇಸಾಯಿ, ನಾಡಗೌಡ ಮೊದಲಾದವು ಅಧಿಕಾರದಿಂದ ಬಂದವು. ಹಿರೇಮಠ, ಸಾಲಿಮಠಗಳು ಮಠದಿಂದ. ಗಾಣಿಗೇರ, ಹೂಗಾರಗಳು ಕಾಯಕದಿಂದ. ಹೊಸಮನಿ, ದೊಡ್ಡಮನಿಗಳು ಮನೆಯ ಗುರುತಿನಿಂದ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಎಂಬವು ಎಂದೋ ಮಾಡಿದ ವ್ಯಾಪಾರದಿಂದಲೋ ಊರವರ ವಿನೋದದಿಂದಲೋ ಬಂದವು. ಇವುಗಳ ಮೇಲೆ ಬರೆದವರು ಬಹಳ ಮಂದಿ, ನಕ್ಕವರು ಇನ್ನೂ ಬಹಳ ಮಂದಿ. ಆದರೆ ಹಿರಿಯನೊಬ್ಬನ ಹೆಸರಿಗೆ ‘ನವರ’ ಸೇರಿ ಆದ ಶಿವಪ್ಪನವರ, ಸಂಗಪ್ಪನವರ, ಕಲ್ಲಪ್ಪನವರ, ಚನ್ನಪ್ಪನವರ ಎಂಬ ಸಾಲು ಇಷ್ಟು ಸಾಮಾನ್ಯವಾಗಿದ್ದರೂ ಯಾರ ಕುತೂಹಲವನ್ನೂ ಅಷ್ಟಾಗಿ ಕೆರಳಿಸಿಲ್ಲ. ನಾವು ಇಲ್ಲಿ ವಿಚಾರ ಮಾಡಲಿರುವುದು ಈ ಸಾಲನ್ನೇ.

ತುದಿಗೆ ಬಂದು ನಿಂತ ಷಷ್ಠೀ

ಹಳ್ಳಿಯ ಕಟ್ಟೆಯ ಮೇಲೆ ಕುಳಿತ ಹಿರಿಯರು ಅಪರಿಚಿತ ಹುಡುಗನನ್ನು ಕಂಡರೆ ‘ಯಾರ ಪೈಕಿ?’ ಎಂದು ಕೇಳುತ್ತಾರೆ. ಹುಡುಗ ತನ್ನ ಹೆಸರನ್ನು ಹೇಳಿದರೆ ಅದು ಉತ್ತರವೆನಿಸುವುದಿಲ್ಲ. ‘ನಾವು ಬಸಪ್ಪನವರು’ ಎಂದರೆ ಮಾತ್ರ ಹಿರಿಯರ ಮುಖದಲ್ಲಿ ಗುರುತು ಮೂಡುತ್ತದೆ. ಧಾರವಾಡದವರು, ಮೇಲಿನ ಓಣಿಯವರು ಎನ್ನುವಾಗ ಊರಿಗೆ, ಓಣಿಗೆ ಸೇರಿದವರು ಎಂಬ ಅರ್ಥವಿರುವಂತೆ, ಬಸಪ್ಪನವರು ಎಂದರೆ ಬಸಪ್ಪನಿಗೆ ಸೇರಿದವರು. ‘ಅವರು’ ಎಂಬ ಬಹುವಚನ ಗೌರವವನ್ನೂ ಸೂಚಿಸುವುದರಿಂದ ಬಸಪ್ಪನೆಂಬ ಹಿರಿಯನಿಗೆ ಸಲ್ಲುವ ಮರ್ಯಾದೆಯೂ ಅದೇ ಮಾತಿನಲ್ಲಿ ಅಡಗಿದೆ. ಮನೆಯವರೆಲ್ಲರೂ ಬಸಪ್ಪನವರಾದರೆ ಅವರ ಮನೆ ಬಸಪ್ಪನವರ ಮನೆ, ಅವರ ಹೊಲ ಬಸಪ್ಪನವರ ಹೊಲ, ಅವರ ಹುಡುಗ ಬಸಪ್ಪನವರ ಹುಡುಗ. ಹೀಗೆ ಷಷ್ಠೀ ವಿಭಕ್ತಿಯ ರೂಪವೇ ಹೆಸರಾಗಿ ನಿಂತಿತು. ಗೌಡರ, ಶೆಟ್ಟರ, ಬಸನಗೌಡರ ಎಂಬವುಗಳ ರಚನೆಯೂ ಇದೇ.

ಕನ್ನಡದ ಜಾಯಮಾನದಲ್ಲಿ ಷಷ್ಠೀ ಯಾವಾಗಲೂ ಮುಂದಿರತಕ್ಕದ್ದು. ‘ಬಸಪ್ಪನವರ ವೀರಣ್ಣ’ ಎಂದರೆ ಸಹಜವಾದ ಕನ್ನಡ. ಹಳೆಯ ಹಿರಿಯರ ಹೆಸರುಗಳು ಹೀಗೆಯೇ ನಡೆದುಬಂದಿವೆ. ಅರಟಾಳ ರುದ್ರಗೌಡರು, ಹರ್ಡೇಕರ ಮಂಜಪ್ಪನವರು, ಮೈಲಾರ ಮಹಾದೇವಪ್ಪನವರು, ಚಡಚಣದ ಸಿಂಪಿ ಲಿಂಗಣ್ಣನವರು, 2020ರಲ್ಲಿ ನಮ್ಮನ್ನಗಲಿದ ಪಾಟೀಲ ಪುಟ್ಟಪ್ಪನವರು, ಇವರೆಲ್ಲರಲ್ಲಿಯೂ ಮನೆತನದ ಗುರುತು ಮೊದಲು, ಸ್ವಂತ ಹೆಸರು ಅನಂತರ. ಹೊಸರಿತ್ತಿಯ ಸ್ವಾತಂತ್ರ್ಯ ಯೋಧರನ್ನು ಹಳಬರು ಹಳ್ಳಿಕೇರಿ ಗುದ್ಲೆಪ್ಪ ಎಂದರು, ಮುದ್ರಿತ ಗ್ರಂಥಗಳು ಗುದ್ಲೆಪ್ಪ ಹಳ್ಳಿಕೇರಿ ಎಂದವು. ಒಬ್ಬರೇ ವ್ಯಕ್ತಿಯ ಈ ಎರಡು ಹೆಸರುಗಳ ನಡುವೆ ನಮ್ಮ ನಾಡಿನ ಆಡಳಿತದ ಒಂದು ಇತಿಹಾಸವೇ ಇದೆ.

1818ರಲ್ಲಿ ಪೇಶ್ವೆಯರ ಆಳ್ವಿಕೆ ಕೊನೆಗೊಂಡು ಧಾರವಾಡ, ಬೆಳಗಾವಿಗಳ ಸೀಮೆ ಮುಂಬಯಿ ಆಧಿಪತ್ಯಕ್ಕೆ ಸೇರಿತು. 1840ರ ದಶಕದಲ್ಲಿ ಕ್ಯಾಪ್ಟನ್ ವಿಂಗೇಟನ ನೇತೃತ್ವದಲ್ಲಿ ಈ ಸೀಮೆಯ ಭೂಮಾಪನ ನಡೆದು, ಹೊಲಹೊಲಕ್ಕೂ ಸರ್ವೆ ನಂಬರು, ನಂಬರು ನಂಬರಿಗೂ ಒಬ್ಬ ಖಾತೆದಾರ ಗೊತ್ತಾದರು. ಇಲ್ಲಿ ಒಂದು ತೊಡಕು ಎದುರಾಗದೆ ಇರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಹೆಸರಿಡುವ ಸಂಪ್ರದಾಯ ಬಲು ಬಿಗಿಯಾದುದು. ಅಜ್ಜನ ಹೆಸರು ಮೊಮ್ಮಗನಿಗೆ ಬರತಕ್ಕದ್ದು. ಅಜ್ಜನಿಗೆ ಐದು ಜನ ಗಂಡುಮಕ್ಕಳಿದ್ದರೆ ಐದೂ ಮನೆಗಳಲ್ಲಿ ಅದೇ ಹೆಸರಿನ ಮೊಮ್ಮಕ್ಕಳು. ಬಸಪ್ಪ, ಮಲ್ಲಪ್ಪ, ಶಿವಪ್ಪ, ಸಂಗಪ್ಪ, ಈರಪ್ಪ, ಗುರಪ್ಪ, ಸಿದ್ದಪ್ಪ, ರುದ್ರಪ್ಪ ಎಂಬ ಹತ್ತಾರು ಹೆಸರುಗಳಲ್ಲಿಯೇ ಇಡೀ ಊರು ಮುಗಿದುಹೋಗುತ್ತಿತ್ತು. ‘ಬಸಪ್ಪ ತಂದೆ ಮಲ್ಲಪ್ಪ’ ಎಂದು ಬರೆದರೂ ಒಂದೇ ಊರಿನಲ್ಲಿ ಅಂಥವರು ಮೂವರು ಸಿಕ್ಕಾರು. ಕಂದಾಯವನ್ನು ಯಾವ ಬಸಪ್ಪನಿಂದ ವಸೂಲು ಮಾಡಬೇಕು? ಮೂರನೆಯ ಗುರುತೊಂದು ಬೇಕೇಬೇಕಾಯಿತು. ಅಲ್ಲಿಯವರೆಗೆ ಊರವರ ಬಾಯಲ್ಲಿ ಮಾತ್ರ ಇದ್ದ ಮನೆಯ ಗುರುತು ಕುಲಕರ್ಣಿಯ ಲೇಖನಿಯಿಂದ ಕಾಗದಕ್ಕೆ ಇಳಿಯಿತು. ಮುಂದೆ ಸಾಲೆಯ ದಾಖಲೆ, ನ್ಯಾಯಾಲಯದ ದಾವೆ, ನೌಕರಿಯ ಅರ್ಜಿ ಎಲ್ಲವೂ ಮುಂಬಯಿ ಪದ್ಧತಿಯಂತೆ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಮನೆಗಳ ಚೌಕಟ್ಟನ್ನು ಒಪ್ಪಿಕೊಂಡವು. ವಚನಪಿತಾಮಹ ಫ.ಗು. ಹಳಕಟ್ಟಿಯವರ ಪೂರ್ಣನಾಮ ಫಕೀರಪ್ಪ ಗುರುಬಸಪ್ಪ ಹಳಕಟ್ಟಿ ಎಂಬಲ್ಲಿ ಈ ಚೌಕಟ್ಟು ಸ್ಪಷ್ಟವಾಗಿದೆ.

ಮುಂದಿರಬೇಕಾದುದು ಹಿಂದೆ ಹೋದುದರ ಪರಿಣಾಮವನ್ನು ವ್ಯಾಕರಣ ಬಲ್ಲವರು ಕೂಡಲೇ ಗುರುತಿಸುವರು. ‘ಬಸಪ್ಪನವರ ವೀರಣ್ಣ’ ಎಂಬುದು ‘ವೀರಣ್ಣ ಬಸಪ್ಪನವರ’ ಎಂದಾದಾಗ ಷಷ್ಠೀ ತುದಿಯಲ್ಲಿ ಒಂಟಿಯಾಗಿ ನಿಂತುಬಿಟ್ಟಿತು. ಬಸಪ್ಪನವರ ಏನು? ಮನೆಯೇ, ಮಗನೇ, ಹೊಲವೇ? ಹೇಳುವ ನಾಮಪದವೇ ಇಲ್ಲ. ಬೆಂಗಳೂರಿನ ಕಡೆಯವರಿಗೆ ಈ ರೂಪ ಬಿಡಿಸಲಾರದ ಒಗಟಾಗಿ ತೋರುವುದಕ್ಕೆ ಇದೇ ಕಾರಣ. ಹುನಗುಂದದ ಎಸ್.ಆರ್. ಕಾಶಪ್ಪನವರ, ಅದೇ ಕ್ಷೇತ್ರದಿಂದ 2013 ಮತ್ತು 2023ರಲ್ಲಿ ವಿಧಾನಸಭೆಗೆ ಆಯ್ಕೆಯಾದ ಅವರ ಪುತ್ರ ವಿಜಯಾನಂದ ಕಾಶಪ್ಪನವರ, ಬ್ಯಾಡಗಿಯ ಬಸವರಾಜ ಶಿವಣ್ಣನವರ ಇವರ ಹೆಸರುಗಳನ್ನು ರಾಜಧಾನಿಯ ಪತ್ರಿಕೆಗಳು ‘ಕಾಶಪ್ಪನವರ್’, ‘ಶಿವಣ್ಣನವರ್’ ಎಂದು ಅಚ್ಚು ಮಾಡುತ್ತವೆ. ‘ಪಾಟೀಲ್’, ‘ಶೆಟ್ಟರ್’ಗಳಿಗೂ ಅದೇ ಗತಿ. ಕನ್ನಡದ ಷಷ್ಠೀ ಪ್ರತ್ಯಯ ಇಂಗ್ಲಿಷ್ ಲಿಪಿಗೆ ಹೋಗಿ, ಅಲ್ಲಿಂದ ಅರ್ಧ ಅಕ್ಷರವಾಗಿ ಕನ್ನಡಕ್ಕೇ ಮರಳಿ ಬಂದ ಈ ವಿಚಿತ್ರವನ್ನು ನಮ್ಮ ಪತ್ರಿಕಾ ಮಿತ್ರರು ಗಮನಿಸಿದರೆ ಒಳಿತು. ಇನ್ನು ವೇದಿಕೆಯ ಮೇಲೆ ‘ಶಿವಣ್ಣನವರ ಅವರು’ ಎಂದು ಸ್ವಾಗತಿಸುವಾಗ ನಿರೂಪಕರು ಕ್ಷಣಕಾಲ ತಡವರಿಸುವುದನ್ನು ಕಂಡವರೇ ಬಲ್ಲರು.

ಒಂದೇ ನಾಡಿನ ಎರಡು ರೂಢಿ

ಮೈಸೂರು ಸಂಸ್ಥಾನದ ಸೀಮೆಯಲ್ಲಿ ನಡೆದುದು ಬೇರೆಯೇ ಕಥೆ. ಅಲ್ಲಿ ಊರಿನ ಹೆಸರು ಮತ್ತು ತಂದೆಯ ಹೆಸರು ಮೊದಲಕ್ಷರಗಳಾಗಿ ಕುಗ್ಗಿ ಸ್ವಂತ ಹೆಸರಿನ ಹಿಂದೆ ಅಡಗಿಕೊಂಡವು. ನಮ್ಮ ಸಮಾಜದಿಂದ ಬಂದ ಮುಖ್ಯಮಂತ್ರಿಗಳ ಹೆಸರುಗಳನ್ನು ಒಂದು ಕ್ಷಣ ಎದುರಿಗಿಟ್ಟುಕೊಂಡರೆ ಈ ಎರಡು ರೂಢಿಗಳು ತಾವಾಗಿಯೇ ಬೇರ್ಪಡುತ್ತವೆ. ಎಸ್. ನಿಜಲಿಂಗಪ್ಪನವರ ‘ಎಸ್’ ಎಂದರೆ ಸಿದ್ದವನಹಳ್ಳಿ, ಬಿ.ಎಸ್. ಯಡಿಯೂರಪ್ಪನವರು ಬೂಕನಕೆರೆಯ ಸಿದ್ದಲಿಂಗಪ್ಪನವರ ಮಗ. ಇಬ್ಬರಿಗೂ ಅಡ್ಡಹೆಸರೆಂಬುದಿಲ್ಲ. ಬಸಪ್ಪ ದಾನಪ್ಪ ಜತ್ತಿ, ಸೋಮಪ್ಪ ರಾಯಪ್ಪ ಬೊಮ್ಮಾಯಿ, ಜಗದೀಶ ಶಿವಪ್ಪ ಶೆಟ್ಟರ ಇವರಿಗೆ ಅಡ್ಡಹೆಸರುಂಟು, ಅದು ಮಕ್ಕಳಿಗೂ ಹೋಗುತ್ತದೆ. ಸೋಮಪ್ಪ ರಾಯಪ್ಪನವರ ಮಗ ಬಸವರಾಜ ಸೋಮಪ್ಪನವರೂ ಬೊಮ್ಮಾಯಿಯೇ. ಮೈಸೂರು ಕಡೆ ತಂದೆ ಮುಂದೆ, ಮಗ ಹಿಂದೆ. ಧಾರವಾಡದ ಕಡೆ ಮಗ ಮುಂದೆ, ತಂದೆ ನಡುವೆ, ಮನೆತನ ಕೊನೆಗೆ. ದಾವಣಗೆರೆಯ ಶಾಮನೂರು ಶಿವಶಂಕರಪ್ಪನವರ ಮಗ ಎಸ್.ಎಸ್. ಮಲ್ಲಿಕಾರ್ಜುನರು. ಊರು, ತಂದೆ ಎರಡೂ ಎರಡು ಅಕ್ಷರಗಳಲ್ಲಿ ಅಡಗಿವೆ.

ಹಳೆಯ ಮೈಸೂರಿನ ಪಹಣಿ, ಕ್ರಯಪತ್ರಗಳಲ್ಲಿ ಮಗನಾದರೆ ‘ಬಿನ್’, ಹೆಂಡತಿಯಾದರೆ ‘ಕೋಂ’ ಎಂದು ಬರೆಯುವರು. ‘ಬಿನ್’ ಎಂಬುದು ಮಗ ಎಂಬರ್ಥದ ಅರಬ್ಬೀ ಶಬ್ದ. ಮಲ್ಲಪ್ಪ ಬಿನ್ ಬಸಪ್ಪ ಎಂದು ಬರೆಯಿಸಿಕೊಂಡ ಲಿಂಗವಂತ ಒಕ್ಕಲಿಗನಿಗೆ ತನ್ನ ಹೆಸರಿನ ನಡುವೆ ಅರಬಸ್ತಾನ ಬಂದು ಕುಳಿತಿದೆ ಎಂಬುದು ತಿಳಿದಿತ್ತೋ ಇಲ್ಲವೋ!

ಇದೇ ನಾಡಿನ ಕೊಡಗಿನಲ್ಲಿ ಮೂರನೆಯ ಬಗೆಯೊಂದುಂಟು. ಮೂಲಪುರುಷನ ಹೆಸರಿನಿಂದ ಬಂದ ಒಕ್ಕದ ಹೆಸರು ಅಲ್ಲಿ ಇಂದಿಗೂ ಮುಂದೆಯೇ ನಿಲ್ಲುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಕೊಡಂದೇರ ಮಾದಪ್ಪ ಕಾರ್ಯಪ್ಪ. ಜನರಲ್ ತಿಮ್ಮಯ್ಯನವರು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಷಷ್ಠಿಯ ‘ರ’ ಇಲ್ಲಿಯೂ ಇದೆ, ನಮ್ಮಲ್ಲಿಯೂ ಇದೆ. ಆದರೆ ಕೊಡವರಲ್ಲಿ ಒಕ್ಕವೆಂದರೆ ಒಂದೇ ರಕ್ತದ ಕುಲ. ಒಂದೇ ಒಕ್ಕದೊಳಗೆ ವಿವಾಹವಿಲ್ಲ. ನಮ್ಮ ‘ನವರ’ ಹೆಸರುಗಳಿಗೆ ಈ ನಿಯಮವನ್ನು ಅನ್ವಯಿಸಲು ಬರುವುದೇ? ಬಾರದು ಎಂದೇ ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ತುಸು ವಿವರವಾಗಿ ಹೇಳಬೇಕು.

ಒಂದೇ ಹೆಸರು, ಬೇರೆ ಬೇರೆ ಬೇರು

ಬಸಪ್ಪ ಎಂಬ ಹೆಸರು ಇಲ್ಲದ ಲಿಂಗಾಯತ ಊರು ಉತ್ತರ ಕರ್ನಾಟಕದಲ್ಲಿ ಸಿಗುವುದು ದುರ್ಲಭ. ಒಂದೊಂದು ಊರಿನಲ್ಲಿಯೂ ಕೆರೆ ಕಟ್ಟಿಸಿದವನೋ, ಬರಗಾಲದಲ್ಲಿ ಹಗೇವು ತೆರೆದು ಜೋಳ ಹಂಚಿದವನೋ, ಊರ ಪಂಚರಲ್ಲಿ ಮಾತಿನ ತೂಕ ಉಳ್ಳವನೋ ಆದ ಒಬ್ಬ ಬಸಪ್ಪ ಎಂದೋ ಇದ್ದಿರಬೇಕು. ಅವನ ಮಕ್ಕಳು ಮೊಮ್ಮಕ್ಕಳು ಆ ಊರಿನಲ್ಲಿ ಬಸಪ್ಪನವರಾದರು. ಹತ್ತು ಹರದಾರಿಯ ಆಚೆ ಇನ್ನೊಂದು ಊರಿನಲ್ಲಿ ಇನ್ನೊಬ್ಬ ಬಸಪ್ಪ. ಅವನ ಮನೆಯವರೂ ಬಸಪ್ಪನವರೇ. ಇಬ್ಬರು ಬಸಪ್ಪಂದಿರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಹೆಸರು ಒಂದು ಮೂಲದಿಂದ ಹೊರಟು ಊರೂರಿಗೆ ಹರಡಿದುದಲ್ಲ. ಊರೂರಿನಲ್ಲಿ ಬೇರೆ ಬೇರೆಯಾಗಿ ಹುಟ್ಟಿ, ದಾಖಲೆಗಳಲ್ಲಿ ಒಂದಾಗಿ ಕಂಡಿತು. ಅಷ್ಟೇ ಅಲ್ಲ, ಹನುಮಪ್ಪನವರ, ಯಲ್ಲಪ್ಪನವರ, ಭರಮಪ್ಪನವರ ಮೊದಲಾದ ಹೆಸರುಗಳು ಕುರುಬರಲ್ಲಿ, ರಡ್ಡಿಗಳಲ್ಲಿ, ಜೈನರಲ್ಲಿ, ದಲಿತ ಬಂಧುಗಳಲ್ಲಿ ಹೀಗೆಯೇ ಹುಟ್ಟಿವೆ. ‘ನವರ’ ಎಂಬ ಕೊನೆ ಯಾವ ಒಂದು ಸಮಾಜದ ಸೊತ್ತೂ ಅಲ್ಲ.

ಈ ಮಾತು ನಮ್ಮ ನಾಡಿಗಷ್ಟೇ ಸಲ್ಲುವುದಲ್ಲ. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಹಿಂದೆ ‘ಇಂಥವನ ಮಗ ಇಂಥವ’ ಎಂದೇ ಹೇಳುವರು. ಮಗ ಎಂಬುದಕ್ಕೆ ಅವರ ಭಾಷೆಯಲ್ಲಿ ‘ಅಪ್’ ಎನ್ನುತ್ತಾರೆ (ನಮ್ಮ ಅಪ್ಪನಿಗೂ ಇದಕ್ಕೂ ನಂಟಿಲ್ಲವಾದರೂ ಹೋಲಿಕೆ ಮೋಜಿನದು). ಹದಿನಾರನೆಯ ಶತಮಾನದಿಂದೀಚೆಗೆ ಇಂಗ್ಲಿಷ್ ಕಾಯದೆ, ಕಚೇರಿಗಳ ಒತ್ತಡದಿಂದ ಅಲ್ಲಿ ಕಾಯಂ ಅಡ್ಡಹೆಸರುಗಳು ನೆಲೆಗೊಂಡವು. ‘ಅಪ್ ರೀಸ್’ ಎಂಬುದು ಪ್ರೈಸ್ ಆಯಿತು, ‘ಅಪ್ ಹಾವೆಲ್’ ಪಾವೆಲ್ ಆಯಿತು, ಜಾನನ ಮಗ ಜೋನ್ಸ್ ಆದನು. ಅಲ್ಲಿಯೂ ಹೆಸರುಗಳ ಸಂಗ್ರಹ ಚಿಕ್ಕದು, ಆದುದರಿಂದ ಊರಿಗೆ ಊರೇ ಜೋನ್ಸ್, ವಿಲಿಯಮ್ಸ್, ಡೇವಿಸ್. ಇಬ್ಬರು ಜೋನ್ಸರು ಬಂಧುಗಳೆಂದು ಅಲ್ಲಿ ಯಾರೂ ಊಹಿಸುವುದಿಲ್ಲ; ಹಾಲು ಮಾರುವವನನ್ನು ‘ಹಾಲಿನ ಜೋನ್ಸ್’ ಎಂದು ಬೇರೆ ಗುರುತಿಸುತ್ತಾರೆ. ನಮ್ಮ ಮೆಣಸಿನಕಾಯಿ, ಬೆಲ್ಲದಗಳು ಏಕೆ ಬೇಕಾದವು ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಡ.

ಇದರ ಇನ್ನೊಂದು ಮುಖ ಹೆಚ್ಚು ಮುಖ್ಯವಾದುದು, ಮತ್ತು ಹೆಣ್ಣು ಗಂಡು ನೋಡುವವರು ಸಾಮಾನ್ಯವಾಗಿ ಮರೆಯುವಂಥದು. ಒಂದೇ ರಕ್ತದವರು ಬೇರೆ ಬೇರೆ ಅಡ್ಡಹೆಸರು ಹೊತ್ತಿರುವುದುಂಟು. ಗೌಡಕಿಯ ಮನೆಯೊಂದರಲ್ಲಿ ಅಣ್ಣತಮ್ಮಂದಿರು ಬೇರೆಯಾದರೆ ವತನ ಉಳಿಸಿಕೊಂಡ ಹಿರಿಯನ ಶಾಖೆ ಪಾಟೀಲ ಎಂದೇ ಉಳಿಯಿತು. ಎರಡನೆಯವನ ಮಕ್ಕಳು ಅವನ ಹೆಸರಿನಿಂದ ಚನ್ನಬಸನಗೌಡರ ಆದರು. ಊರ ಹೊರಗೆ ಹೊಸ ಮನೆ ಕಟ್ಟಿದ ಕಿರಿಯವನ ಮಕ್ಕಳು ಹೊಸಮನಿ ಆದರು. ದೊಡ್ಡಬಸಪ್ಪನವರ, ಸಣ್ಣಬಸಪ್ಪನವರ ಎಂದು ಹಂಚಿಹೋದ ಮನೆಗಳಾದರೂ ಹೋಲಿಕೆಯಿಂದ ಕಂಡುಹಿಡಿಯಬಹುದು. ಆದರೆ ಬದುಕನ್ನು ಅರಸಿ ಊರು ಬಿಟ್ಟವರದು ಇನ್ನೂ ಕಠಿಣ. ಕಲಬುರ್ಗಿಯಲ್ಲಿ ಇರುವವನನ್ನು ಯಾರೂ ಕಲಬುರ್ಗಿ ಎಂದು ಕರೆಯುವುದಿಲ್ಲ. ಅಲ್ಲಿಂದ ಬಂದು ಬೇರೆ ಊರಿನಲ್ಲಿ ನೆಲೆಸಿದವನಿಗೆ ಮಾತ್ರ ಆ ಹೆಸರು. ಸಿಂದಗಿ ತಾಲೂಕಿನವರಾದ ಡಾ. ಎಂ.ಎಂ. ಕಲಬುರ್ಗಿಯವರ ಮನೆತನದ ಹೆಸರನ್ನೇ ನೋಡಬಹುದು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿಯನ್ನು ಕಟ್ಟಿದ ಸಪ್ತರ್ಷಿಗಳಲ್ಲಿ ಬಸವನಾಳ, ಮಮದಾಪುರ, ಹಂಚಿನಾಳ, ಚಿಕ್ಕೋಡಿ ಎಂಬ ಹೆಸರಿನವರಿದ್ದರು, ಇವೆಲ್ಲವೂ ಊರುಗಳೇ. ತಮ್ಮ ಊರಿನಲ್ಲಿ ಮಲ್ಲಪ್ಪನವರ ಎನಿಸಿಕೊಂಡಿದ್ದ ಮನೆಯ ಒಂದು ಕವಲು ಹೊಸ ಊರಿಗೆ ಹೋಗಿ ಹಳೆಯ ಊರಿನ ಹೆಸರನ್ನೇ ಅಡ್ಡಹೆಸರಾಗಿ ಪಡೆದರೆ, ಎರಡು ತಲೆಮಾರಿನ ಮೇಲೆ ಆ ಎರಡು ಕವಲುಗಳ ಮಕ್ಕಳು ಒಬ್ಬರಿಗೊಬ್ಬರು ಅಪರಿಚಿತರೇ ಸರಿ.

ದತ್ತಕದ ಮಾತು ಬೇರೆ ಇದೆ. ಶಿಗ್ಲಿಯಲ್ಲಿ ಹುಟ್ಟಿದ ಬಾಲಕ ಸಿರಸಂಗಿಯ ದೇಸಗತಿಗೆ ದತ್ತಕ ಹೋಗಿ ಸಿರಸಂಗಿ ಲಿಂಗರಾಜರಾದರು. ತಮ್ಮ ಆಸ್ತಿಯನ್ನು ಸಮಾಜದ ವಿದ್ಯಾಭ್ಯಾಸಕ್ಕೆ ಧಾರೆಯೆರೆದು 1906ರಲ್ಲಿ ಲಿಂಗೈಕ್ಯರಾದ ಆ ಮಹನೀಯರ ಹೆಸರು ಇಂದು ಉಳಿದಿರುವುದು ದತ್ತಕ ಹೋದ ಮನೆಯ ಹೆಸರಿನೊಡನೆ. ರಕ್ತ ಒಂದು ಕಡೆ, ಹೆಸರು ಇನ್ನೊಂದು ಕಡೆ.

ಆದುದರಿಂದ ಅಡ್ಡಹೆಸರು ಒಂದಾದುದಕ್ಕೆ ಸಂಬಂಧ ಬಿಡುವುದೂ ತಪ್ಪು, ಬೇರೆಯಾದುದಕ್ಕೆ ನಿಶ್ಚಿಂತರಾಗುವುದೂ ತಪ್ಪು. ಸಂಬಂಧದ ಹತ್ತಿರ–ದೂರವನ್ನು ನೋಡಬೇಕೆನ್ನುವವರು ಮೂಲ ಊರು ಯಾವುದು, ಮನೆದೇವರು ಯಾವುದು, ಅಜ್ಜನ ಅಪ್ಪನ ಹೆಸರೇನು, ಅಜ್ಜಿಯ ತವರು ಯಾವುದು ಎಂದು ಕೇಳತಕ್ಕದ್ದು. ಬೆಡಗು ನೋಡುವ ರೂಢಿಯುಳ್ಳವರಲ್ಲಿ ಬೆಡಗನ್ನು ಕೇಳುತ್ತಾರೆ. ಅದಕ್ಕೂ ಅಡ್ಡಹೆಸರಿಗೂ ನೇರ ನಂಟಿಲ್ಲ. ಒಂದೇ ಬೆಡಗಿನೊಳಗೆ ಇಪ್ಪತ್ತು ಅಡ್ಡಹೆಸರುಗಳಿದ್ದಾವು, ಒಂದೇ ಅಡ್ಡಹೆಸರಿನವರು ನಾಲ್ಕು ಬೆಡಗುಗಳಲ್ಲಿದ್ದಾರು.

ಶರಣರ ಹೆಸರುಗಳು

ಇಷ್ಟು ಹೇಳಿದ ಮೇಲೆ ಲಿಂಗಾಯತರಾದ ನಾವು ಹನ್ನೆರಡನೆಯ ಶತಮಾನದ ಕಡೆಗೆ ತಿರುಗಿ ನೋಡದೆ ಇರಲಾಗದು. ಆ ಕಾಲದ ಶಾಸನಗಳಲ್ಲಿ, ವೀರಗಲ್ಲುಗಳಲ್ಲಿ ‘ಇಂಥವನ ಮಗ ಇಂಥವನು’ ಎಂದು ತಂದೆಯ ಹೆಸರಿನಿಂದ ಮಗನನ್ನು ಗುರುತಿಸುವುದೇ ವಾಡಿಕೆ. ಶರಣರ ಹೆಸರುಗಳು ಮಾತ್ರ ಬೇರೆ ರೀತಿಯವು. ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ನುಲಿಯ ಚಂದಯ್ಯ, ತುರುಗಾಹಿ ರಾಮಣ್ಣ, ಮೋಳಿಗೆಯ ಮಾರಯ್ಯ. ರಚನೆಯಲ್ಲಿ ಇವುಗಳಲ್ಲಿ ಹೆಚ್ಚಿನವು ನಮ್ಮ ‘ಬಸಪ್ಪನವರ ವೀರಣ್ಣ’ನಂತೆಯೇ ಇವೆ: ಷಷ್ಠೀ ಮುಂದೆ, ಸ್ವಂತ ಹೆಸರು ಹಿಂದೆ. ಆದರೆ ಆ ಷಷ್ಠಿಯ ಸ್ಥಾನದಲ್ಲಿ ತಂದೆ ಇಲ್ಲ, ಕಾಯಕವಿದೆ. ಹಗ್ಗ ಹೊಸೆಯುವ ನುಲಿ, ಅಡಕೆಲೆಯ ಹಡಪ, ಕಟ್ಟಿಗೆಯ ಹೊರೆ, ಇವೇ ಅವರ ಮನೆತನ.

ಬಸವಣ್ಣನವರಾದರೋ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬಾಗೇವಾಡಿಯ ಮಾದರಸನ ಮಗನೆಂಬ ಗುರುತನ್ನು ಬಿಟ್ಟು, ತಮ್ಮ ಅಪ್ಪ ಮಾದಾರ ಚೆನ್ನಯ್ಯನೆಂದೂ ಡೋಹರ ಕಕ್ಕಯ್ಯ ತಮ್ಮ ಹತ್ತಿರದ ಹಿರಿಯನೆಂದೂ ವಚನದಲ್ಲಿ ಸಾರಿದರು. ಪಿತೃನಾಮದ ವಿಚಾರವಾಗಿ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಮಾತನ್ನು ಯಾರೂ ಆಡಿಲ್ಲವೆಂದು ನಮಗೆ ತೋರುತ್ತದೆ. ಹಳ್ಳಿಯ ಕಟ್ಟೆಯ ‘ಯಾರವನು’ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರವಂತೂ ನಮ್ಮ ಮನೆಗಳಲ್ಲಿ ಎಳೆಯ ಮಕ್ಕಳಿಗೂ ಕಂಠಪಾಠವಾಗಿದೆ. ಆ ವಚನವನ್ನು ಬೆಳಿಗ್ಗೆ ಹಾಡಿ, ಮಧ್ಯಾಹ್ನ ಬೀಗತನದ ಮಾತಿನಲ್ಲಿ ಒಳಪಂಗಡದ ಸುಳಿವಿಗಾಗಿ ಅಡ್ಡಹೆಸರನ್ನು ಕೆದಕುವುದು ನಮ್ಮಲ್ಲಿ ಇಂದಿಗೂ ನಡೆದೇ ಇದೆ.

ಶರಣೆಯರ ಹೆಸರುಗಳಲ್ಲಿ ಮಾತ್ರ ಪತಿಯ ನೆರಳು ಉಳಿಯಿತು. ಹಡಪದ ಅಪ್ಪಣ್ಣಗಳ ಪುಣ್ಯಸ್ತ್ರೀ ಲಿಂಗಮ್ಮ, ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ ಎಂದೇ ವಚನ ಸಂಕಲನಗಳು ಅವರನ್ನು ಕರೆಯುತ್ತವೆ. ಅಕ್ಕಮಹಾದೇವಿ ಯಾವ ಪುರುಷನ ಷಷ್ಠಿಯನ್ನೂ ಹೊರದೆ ಅಕ್ಕನಾಗಿ ನಿಂತಳು.

ಬದಲಾಗುವ ಹೆಣ್ಣುಮಕ್ಕಳ ಹೆಸರು

ಉತ್ತರ ಕರ್ನಾಟಕದ ಮೂರು ಮನೆಗಳ ಚೌಕಟ್ಟಿನಿಂದ ಹೆಚ್ಚು ತೊಂದರೆಪಟ್ಟವರು ಹೆಣ್ಣುಮಕ್ಕಳೇ. ಗಿರಿಜಾ ಬಸಪ್ಪ ಮಲ್ಲಪ್ಪನವರ ಎಂಬ ಹೆಸರಿನಲ್ಲಿ ಓದಿ ಪದವಿ ಪಡೆದವಳು ಮದುವೆಯಾದ ಮೇಲೆ ಗಿರಿಜಾ ಶಿವಾನಂದ ಅಂಗಡಿ ಆಗುತ್ತಾಳೆಂದು ಇಟ್ಟುಕೊಳ್ಳೋಣ. ಮೂರರಲ್ಲಿ ಎರಡು ಭಾಗ ಒಂದೇ ದಿನ ಬದಲು. ಪ್ರಮಾಣಪತ್ರದಲ್ಲಿ ಒಂದು, ಪಡಿತರ ಚೀಟಿಯಲ್ಲಿ ಒಂದು, ತವರಿನ ಹೊಲದ ಉತಾರದಲ್ಲಿ ಇನ್ನೊಂದು. ಮದುವೆಯಾದ ಹೆಣ್ಣು ಹೆಸರು ಬದಲಾಯಿಸಲೇಬೇಕೆಂಬ ಕಾಯದೆ ನಮ್ಮ ದೇಶದಲ್ಲಿ ಇಲ್ಲ ಎಂಬುದನ್ನು ಎಷ್ಟೋ ಮನೆಗಳು ಅರಿತಿಲ್ಲ. ಮಗುವಿನ ಅಡ್ಡಹೆಸರನ್ನು ನಿರ್ಧರಿಸುವ ಹಕ್ಕು ತಂದೆ ತೀರಿಕೊಂಡ ಸಂದರ್ಭದಲ್ಲಿ ಸ್ವಾಭಾವಿಕ ಪೋಷಕಳಾದ ತಾಯಿಗೆ ಇದೆ ಎಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಸ್ಪಷ್ಟಪಡಿಸಿದೆ. ಆಂಧ್ರದ ಮಹಿಳೆಯೊಬ್ಬರು ನಡೆಸಿದ ವ್ಯಾಜ್ಯದಲ್ಲಿ ಬಂದ ಈ ತೀರ್ಪು ಅಡ್ಡಹೆಸರು ಕೇವಲ ವಂಶದ ಸೂಚಕವಲ್ಲ, ಮಗು ಬೆಳೆಯುತ್ತಿರುವ ಕುಟುಂಬದ ಸೂಚಕ ಎಂಬ ಕಡೆಗೆ ವಾಲಿದೆ. ‘ಬಸಪ್ಪನವರು’ ಎಂಬ ಮಾತಿನ ಮೂಲ ಅರ್ಥವೂ ಅಷ್ಟೇ ಅಲ್ಲವೇ? ಬಸಪ್ಪನ ಮನೆಗೆ ಸೇರಿದವರೆಲ್ಲರೂ ಬಸಪ್ಪನವರು. ಅದರಲ್ಲಿ ಸೊಸೆಯೂ ಉಂಟು, ದತ್ತಕ ಮಗನೂ ಉಂಟು.

ದಾಖಲೆಗಳು ಗಣಕಯಂತ್ರಕ್ಕೆ ಏರಿದ ಮೇಲೆ ಹೆಸರಿನ ಒಂದೊಂದು ಅಕ್ಷರಕ್ಕೂ ಬೆಲೆ ಬಂದಿದೆ. ರಾಜ್ಯದಲ್ಲಿ ಭೂಮಿ ಯೋಜನೆ 2000ನೆಯ ಇಸವಿಯಿಂದೀಚೆಗೆ ಪಹಣಿಗಳನ್ನು ಗಣಕೀಕರಿಸಿತು. ಉತಾರದಲ್ಲಿ ಅಜ್ಜ ‘ಮಲ್ಲಪ್ಪನವರ’, ಆಧಾರ್ ಚೀಟಿಯಲ್ಲಿ ಮೊಮ್ಮಗ ‘ಮಲ್ಲಪ್ಪನವರ್’, ಬ್ಯಾಂಕಿನ ಪುಸ್ತಕದಲ್ಲಿ ‘ಮಲ್ಲಣ್ಣವರ’. ಮೂವರೂ ಒಂದೇ ಮನೆಯವರೆಂದು ಊರಿಗೆಲ್ಲ ತಿಳಿದಿದ್ದರೂ ಯಂತ್ರಕ್ಕೆ ತಿಳಿಯದು. ಪಾಲುಪತ್ರ, ವಾರಸಾ ನೋಂದಣಿಯ ಸಮಯದಲ್ಲಿ ಇದು ಎಷ್ಟು ಅಲೆದಾಟಕ್ಕೆ ಎಡೆಮಾಡುತ್ತದೆ ಎಂಬುದನ್ನು ಅನುಭವಿಸಿದವರೇ ಬಲ್ಲರು. ಮನೆಯ ಎಲ್ಲರೂ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಒಂದೇ ಬಗೆಯ ಕಾಗುಣಿತವನ್ನು ಗೊತ್ತುಪಡಿಸಿಕೊಂಡು, ಮಗುವಿನ ಜನನ ಪತ್ರದಿಂದಲೇ ಅದನ್ನು ನಡೆಸಿಕೊಂಡು ಬರುವುದು ಜಾಣತನ.

ಇತ್ತ ಅಡ್ಡಹೆಸರಿಲ್ಲದ ಮೈಸೂರು ಸೀಮೆಯವರ ಮಕ್ಕಳು ವಿದೇಶಕ್ಕೆ ಹೊರಟಾಗ ಪಾಸ್‌ಪೋರ್ಟಿನ ಅರ್ಜಿ ಅವರಿಂದ ಅಡ್ಡಹೆಸರನ್ನು ಕೇಳುತ್ತದೆ. ಬಿ. ಮಂಜುನಾಥ ಎಂಬ ಯುವಕ ‘ಬಿ’ ಎಂಬುದನ್ನು ಬಿಡಿಸಿ ‘ಮಂಜುನಾಥ ಬಸಪ್ಪ’ ಎಂದು ಬರೆದು ಅಮೆರಿಕಕ್ಕೆ ಹೋಗುತ್ತಾನೆ. ಅಲ್ಲಿ ಎಲ್ಲರೂ ಅವನನ್ನು ಮಿಸ್ಟರ್ ಬಸಪ್ಪ ಎಂದು ಕರೆಯುತ್ತಾರೆ, ಅಂದರೆ ಅವನ ತಂದೆಯ ಹೆಸರಿನಿಂದ. ಅವನ ಮಗಳು ಅಲ್ಲಿಯೇ ಹುಟ್ಟಿ ಬಸಪ್ಪ ಎಂಬುದನ್ನೇ ಅಡ್ಡಹೆಸರಾಗಿ ಹೊರುತ್ತಾಳೆ, ಮೊಮ್ಮಕ್ಕಳಿಗೂ ಅದೇ. ಧಾರವಾಡ ಸೀಮೆಯಲ್ಲಿ ನೂರೆಂಬತ್ತು ವರ್ಷಗಳ ಹಿಂದೆ ಭೂಮಾಪನದ ಕಾಗದಗಳು ಮಾಡಿದ ಕೆಲಸವನ್ನೇ ಇಂದು ಪಾಸ್‌ಪೋರ್ಟು ಮಾಡುತ್ತಿದೆ. ಹೊಸದೊಂದು ಬಸಪ್ಪನವರ ಮನೆತನ ಅಲ್ಲಿ ಹುಟ್ಟಿದೆ, ‘ನವರ’ ಇಲ್ಲದೆ. ಆ ಬಸಪ್ಪನಾದರೂ ತುಮಕೂರಿನ ಕಡೆಯ ತನ್ನ ಊರಿನಲ್ಲಿ ತೋಟಕ್ಕೆ ನೀರು ಬಿಡುತ್ತ ಆರಾಮವಾಗಿದ್ದಾನೆ, ತಾನೊಬ್ಬ ಮೂಲಪುರುಷನಾದುದರ ಅರಿವಿಲ್ಲದೆ!

ಉತ್ತರ ಕರ್ನಾಟಕದ ಮೂಲಪುರುಷರ ಅರಿವು ಯಾರಿಗಾದರೂ ಇದ್ದರೆ ಅದು ಹೆಳವರಿಗೆ. ಎತ್ತಿನ ಮೇಲೆ ಕುಳಿತು ಊರೂರಿಗೆ ಬಂದು, ಒಕ್ಕಲು ಮನೆಯ ಬಾಗಿಲಲ್ಲಿ ನಿಂತು ಆ ಮನೆಯ ಹತ್ತಾರು ತಲೆಮಾರುಗಳನ್ನು ಓದಿ ಹೇಳುವುದು ಅವರ ಪರಂಪರೆಯ ವೃತ್ತಿ. ಬಸಪ್ಪನವರ ಬಸಪ್ಪ ಯಾವ ಊರಿನಿಂದ ಯಾವ ಕಾರಣಕ್ಕೆ ಎದ್ದು ಬಂದ, ಅವನ ಅಣ್ಣತಮ್ಮಂದಿರು ಯಾವ ಯಾವ ಹೆಸರಿನಲ್ಲಿ ಎಲ್ಲೆಲ್ಲಿ ಚದುರಿದರು ಎಂಬುದು ಅವರ ಹೊತ್ತಿಗೆಗಳಲ್ಲಿ ಸಿಗುವುದುಂಟು. ಕಾಳು, ಕಾಸು, ಕೆಲವೊಮ್ಮೆ ಆಕಳು ಕೊಟ್ಟು ಹಿಂದಿನವರು ಅವರನ್ನು ಗೌರವಿಸುತ್ತಿದ್ದರು. ಬೀಗತನದ ಮಾತಿನಲ್ಲಿ ಎರಡು ‘ಬಸಪ್ಪನವರ’ ಮನೆಗಳು ಎದುರಾಗಿ ಹಿರಿಯರು ತಡವರಿಸಿದಾಗ ನಂಬಬಹುದಾದ ಸಾಕ್ಷಿ ಅಡ್ಡಹೆಸರಲ್ಲ, ಈ ಹೊತ್ತಿಗೆ. ಈಗ ಹೆಳವರ ಮಕ್ಕಳೂ ಓದಿ ಬೇರೆ ಬೇರೆ ಉದ್ಯೋಗ ಹಿಡಿಯುತ್ತಿರುವುದರಿಂದ ಅವರು ಬರುವುದು ಅಪರೂಪವಾಗುತ್ತಿದೆ. ಸುಗ್ಗಿ ಮುಗಿದ ಮೇಲೆ ಮನೆಯ ಮುಂದೆ ಹೆಳವರ ಎತ್ತು ಬಂದು ನಿಂತರೆ ಅವಸರ ಮಾಡದೆ ಕೂಡ್ರಿಸಿ, ಅವರು ಓದುವುದನ್ನೆಲ್ಲ ಒಂದು ವಹಿಯಲ್ಲಿ ಬರೆದುಕೊಳ್ಳಬೇಕು. ಹೊಸದಾಗಿ ಬರೆಯಿಸುವಾಗ ಮನೆಯ ಹೆಣ್ಣುಮಕ್ಕಳ ಹೆಸರು, ಅವರು ಕೊಟ್ಟ ಮನೆ, ಸೊಸೆಯಂದಿರ ತವರು ಇವನ್ನೂ ಬಿಡದೆ ಸೇರಿಸಲು ಹೇಳಬೇಕು.